ನಿವೃತ್ತಿಯ ನಂತರ ಮನೆ ಮಾರಿ ಕ್ಯಾರವಾನ್‌ನಲ್ಲೇ ಇರಬಹುದೇ?

ಬಾಗಲಕೋಟೆಯ ಓದುಗರೊಬ್ಬರ ಪ್ರಶ್ನೆ: ‘ಶಿಕ್ಷಕ ವೃತ್ತಿಯಿಂದ ಈ ವರ್ಷ ನಿವೃತ್ತನಾಗುತ್ತಿದ್ದೇನೆ. ನವನಗರದ ಮನೆ ಮಾರಿ, ಕ್ಯಾರವಾನ್ (ಒಳಗೇ ಮನೆಯಂತೆ ವಾಸಿಸಬಹುದಾದ ಗಾಡಿ) ಕೊಂಡು, ಗಂಡ-ಹೆಂಡತಿ ಇಬ್ಬರೂ ವರ್ಷವಿಡೀ ಅದರಲ್ಲೇ ಇರಬೇಕೆಂದಿದ್ದೇವೆ. ಆದೀತೆ?’

ಆದೀತು, ಆದರೆ ಮನೆ ಮಾರಬೇಡಿ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರು ಬಿಟ್ಟುಕೊಟ್ಟು ನವನಗರಕ್ಕೆ ಬಂದವರ ನಡುವೆ ಇರುವ ನಿಮಗೆ, ನೆಲೆ ತಪ್ಪುವುದೆಂದರೇನೆಂದು ನಾನು ಹೇಳಬೇಕಾಗಿಲ್ಲ.

ಮೊದಲ ತೊಡಕು ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ತಗಡಿನ ಗಾಡಿ ಹಗಲೆಲ್ಲ ಕಾದು, ರಾತ್ರಿಯೂ ಸೆಕೆ ಬಿಡುವುದಿಲ್ಲ. 12 ವೋಲ್ಟ್‌ನ 200 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 2.4 ಯೂನಿಟ್ ವಿದ್ಯುತ್. ಒಂದು ಟನ್ ಎಸಿ ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುವುದರಿಂದ, ಊಟ ಮುಗಿಸಿ ಹಚ್ಚಿದ ಎಸಿ ಮಧ್ಯರಾತ್ರಿಯೊಳಗೆ ನಿಂತುಹೋಗುತ್ತದೆ. ಫ್ಯಾನು, ದೀಪಗಳಿಗಾದರೆ ಅದೇ ಬ್ಯಾಟರಿ ಧಾರಾಳವಾಯಿತು.

ನೀರಿನ ಲೆಕ್ಕ ಇನ್ನೂ ಬಿಗಿ. ತಲಾ ಎರಡು ಬಕೆಟ್ ಸ್ನಾನವೆಂದರೆ ಇಬ್ಬರಿಗೆ 60 ಲೀಟರ್. 100 ಲೀಟರ್ ಟ್ಯಾಂಕು ಎರಡನೆಯ ದಿನ ಬೆಳಿಗ್ಗೆಯೇ ಬರಿದು. ಗಾಡಿಯ ಶೌಚಾಲಯದ ಮಲಮೂತ್ರ ಸೇರುವ, ಸುಮಾರು 20 ಲೀಟರಿನ ಶೌಚ ಪೆಟ್ಟಿಗೆ ಎರಡು-ಮೂರು ದಿನಕ್ಕೆ ತುಂಬುತ್ತದೆ. ಯುರೋಪಿನ ಶಿಬಿರತಾಣಗಳಲ್ಲಿ ಅದನ್ನು ಖಾಲಿ ಮಾಡಲೆಂದೇ ಜಾಗವಿರುತ್ತದೆ. ಇಲ್ಲಿ ಯಾತ್ರಿನಿವಾಸವನ್ನೋ ಪೆಟ್ರೋಲ್ ಬಂಕನ್ನೋ ಕೇಳಿಕೊಳ್ಳಬೇಕು. ಪೆಟ್ಟಿಗೆ ಹಿಡಿದು ಬಂಕಿನ ಶೌಚಾಲಯದ ಮುಂದೆ ನಿಲ್ಲುವವರು ಇಬ್ಬರಲ್ಲಿ ಯಾರೆಂಬುದನ್ನು ಊರು ಬಿಡುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ಹಳೆಯ ವ್ಯಾನನ್ನು ಗ್ಯಾರೇಜಿನಲ್ಲಿ ಮನೆಯಾಗಿಸುವ ಯೋಚನೆಯಿದ್ದರೆ ಕೈಬಿಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಂಥ ಮಾರ್ಪಾಡಿಗೆ ಅಡ್ಡ ಬರುತ್ತದೆ. ಮೋಟಾರ್ ಕ್ಯಾರವಾನ್ ಎಂದೇ ಅನುಮೋದನೆ ಪಡೆದ ಗಾಡಿಯನ್ನು ಕೊಳ್ಳಿ. ಒಟ್ಟು ತೂಕ 7,500 ಕೆ.ಜಿ. ಮೀರದಿದ್ದರೆ ಕಾರಿನ ಲೈಸೆನ್ಸೇ ಸಾಕು, ಆದರೆ 55 ದಾಟಿದವರಿಗೆ ಅದು ಐದೈದು ವರ್ಷಕ್ಕೆ ಮಾತ್ರ ನವೀಕರಣವಾಗುತ್ತದೆ. ಗಾಡಿಯ ನೋಂದಣಿಗೂ ಮತದಾರರ ಪಟ್ಟಿಗೂ ಒಂದು ಕಾಯಂ ವಿಳಾಸ ಬೇಕು. ಪಿಂಚಣಿಯ ಜೀವನ ಪ್ರಮಾಣಪತ್ರವನ್ನು ಮೊಬೈಲಿಗೆ ಮುಖ ತೋರಿಸಿ ಕೊಡುವ ಸೌಲಭ್ಯ ಬಂದಿರುವುದರಿಂದ ಅದಕ್ಕಾಗಿ ಊರಿಗೆ ಓಡಿ ಬರಬೇಕಾಗಿಲ್ಲ.

ಕೊಳ್ಳುವ ಮುನ್ನ ಚಳಿಗಾಲದಲ್ಲಿ ಹದಿನೈದು ದಿನಕ್ಕೆ ಒಂದು ಗಾಡಿಯನ್ನು ಬಾಡಿಗೆಗೆ ತಂದು ಬಾದಾಮಿ, ಪಟ್ಟದಕಲ್ಲು, ಕೂಡಲಸಂಗಮ ಸುತ್ತಿ ಬನ್ನಿ. ಹದಿನಾರನೆಯ ದಿನ ಮನೆಯ ಬೀಗ ತೆಗೆಯುವಾಗ ನಿಮ್ಮ ಶ್ರೀಮತಿಯವರು ಏನನ್ನುತ್ತಾರೋ ಅದರ ಮೇಲೆ ಮುಂಗಡ ಕೊಡುವ ವಿಚಾರ ಮಾಡಿ.