ಕಲ್ಲು ಉಳಿಯಿತು, ಬಜಾರು ಎದ್ದುಹೋಯಿತು: ಹಂಪಿ ಸಂರಕ್ಷಣೆಯ ಹಿನ್ನೆಲೆ

ಐವತ್ತು ರೂಪಾಯಿಯ ಹೊಸ ನೋಟನ್ನು ತಿರುಗಿಸಿದರೆ ಹಂಪಿಯ ಕಲ್ಲಿನ ರಥ ಕಾಣುತ್ತದೆ. ಆ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರ ಇತ್ತು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ತೆಗೆದ ಫೋಟೊದಲ್ಲಿ ಅದು ಸ್ಪಷ್ಟವಾಗಿದೆ. ಆಮೇಲೆ ಅದನ್ನು ತೆಗೆದುಹಾಕಿದರು. ರಥದ ಮುಂದಿರುವ ಎರಡು ಆನೆಗಳೂ ಮೊದಲಿನವಲ್ಲ. ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಗಳ ಕಾಲು, ಬಾಲದ ಗುರುತು ಇನ್ನೂ ಸಿಗುತ್ತದೆ. ಕೃಷ್ಣದೇವರಾಯನ ಕಾಲದಿಂದ ಹೀಗೇ ನಿಂತಿದೆ ಎಂದು ನಾವು ನಂಬಿರುವ ರಥದ ಈಗಿನ ರೂಪ, ನಂತರ ಬಂದವರು ಮಾಡಿದ ತೀರ್ಮಾನ.

ಪರಂಪರೆ ಉಳಿಸುವುದು ಎಂದರೆ ಬಹುಪಾಲು ಇಂಥ ತೀರ್ಮಾನಗಳೇ. ಯಾವುದು ಇರಬೇಕು, ಯಾವುದು ಹೋಗಬೇಕು? ಹಂಪಿಯಲ್ಲಿ ಇದನ್ನು ಹೇಳುತ್ತಾ ಬಂದವರು ಹೆಚ್ಚಾಗಿ ಹೊರಗಿನವರು. ಅಲ್ಲೇ ಬದುಕಿದವರನ್ನು ಕೇಳಿದ್ದು ತೀರಾ ಕಡಿಮೆ. ಇದು ಯಾಕೆ ಹೀಗಾಯಿತು ಎಂದು ತಿಳಿಯಲು ನೂರು ವರ್ಷಕ್ಕಿಂತ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪ್ರಾಚೀನ ಸ್ಮಾರಕಗಳ ಸಂರಕ್ಷಣೆಗೆ ಬ್ರಿಟಿಷ್ ಸರ್ಕಾರ ಕಾಯ್ದೆ ತಂದಿದ್ದು 1904ರಲ್ಲಿ. ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಜಾನ್ ಮಾರ್ಷಲ್ 1923ರಲ್ಲಿ ಸಿಬ್ಬಂದಿಗೆ ಕೈಪಿಡಿ ಬರೆದರು. ಅದರ ಮುಖ್ಯ ಪಾಠ ಇಷ್ಟು: ಹಾಳಾದ ಕಟ್ಟಡವನ್ನು ಹೊಸದಾಗಿ ಕಟ್ಟಬೇಡಿ, ಇರುವುದು ಬೀಳದ ಹಾಗೆ ನೋಡಿಕೊಳ್ಳಿ. ಒಳ್ಳೆಯ ಪಾಠವೇ. ಇದಿಲ್ಲದಿದ್ದರೆ ಎಷ್ಟೋ ಗುಡಿಗಳ ಶಿಲ್ಪಗಳು ಸಿಮೆಂಟು, ಬಣ್ಣದಡಿ ಮುಚ್ಚಿಹೋಗುತ್ತಿದ್ದವು. ಪೂಜೆ ನಡೆಯುವ ಜಾಗಗಳಿಗೆ ಕೈಪಿಡಿಯಲ್ಲಿ ಸ್ವಲ್ಪ ಸಡಿಲಿಕೆಯೂ ಇತ್ತು. ಆದರೆ ಒಟ್ಟಾರೆ ನೋಟ ಮಾತ್ರ ಹಾಳು ಬಿದ್ದ, ಜನರಿಲ್ಲದ ಕಲ್ಲಿನ ಮೇಲೆಯೇ ಇತ್ತು. ಸ್ವಾತಂತ್ರ್ಯದ ನಂತರ ಬಂದ 1958ರ ಕಾಯ್ದೆಯೂ ಹೆಚ್ಚುಕಡಿಮೆ ಅದೇ ದಾರಿ ಹಿಡಿಯಿತು.

ಹಂಪಿ ಹಾಗೆ ಪೂರ್ತಿ ಹಾಳು ಬಿದ್ದ ಊರಲ್ಲ. 1565ರ ಯುದ್ಧದಲ್ಲಿ ರಾಜಧಾನಿ ಕುಸಿಯಿತು, ನಿಜ. ಆದರೆ ವಿರೂಪಾಕ್ಷನ ಗುಡಿಯಲ್ಲಿ ಇಂದಿಗೂ ಪೂಜೆ ಇದೆ, ಫಲಪೂಜೆ ಇದೆ, ಚೈತ್ರದಲ್ಲಿ ತೇರು ಎಳೆಯುತ್ತಾರೆ. ವಿಜಯನಗರದ ಅರಸರು ತೋಡಿಸಿದ ತುರ್ತಾ ಕಾಲುವೆಯ ನೀರು ಈಗಲೂ ಬಾಳೆ, ಭತ್ತದ ಗದ್ದೆಗೆ ಹರಿಯುತ್ತದೆ. ನೀರು ಬಿಡುವುದು, ಹೂಳು ತೆಗೆಯುವುದು, ಸರದಿಯಲ್ಲಿ ಗದ್ದೆಗೆ ಹಾಯಿಸುವುದು, ಇವೆಲ್ಲ ನಡೆಯುತ್ತಿರುವುದರಿಂದಲೇ ಆ ಕಾಲುವೆ ಬದುಕಿದೆ. ನನ್ನ ಮಟ್ಟಿಗೆ ಸಂಸ್ಕೃತಿ ಎಂದರೆ ಇದೇ. ಕಲ್ಲಿನಷ್ಟೇ, ಆ ಕಲ್ಲನ್ನು ಬಳಸುವ ಜನರ ರೂಢಿಯೂ ಅದರ ಭಾಗ.

1986ರಲ್ಲಿ ಯುನೆಸ್ಕೊ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಲೆಕ್ಕಕ್ಕೆ ಬಂದಿದ್ದು ಸ್ಮಾರಕಗಳು. ಗದ್ದೆ, ಹಳ್ಳಿ, ಹೊಳೆ ಎಲ್ಲ ಬರೀ ಸುತ್ತಮುತ್ತಲಿನ ಜಾಗ. ಇಕ್ಕಟ್ಟು ಬಂದಿದ್ದು ಸೇತುವೆಯ ವಿಷಯದಲ್ಲಿ. ಹರಿಗೋಲಿನಲ್ಲಿ ತುಂಗಭದ್ರೆ ದಾಟುತ್ತಿದ್ದ ಆನೆಗೊಂದಿಯ ಜನಕ್ಕೆ ಸೇತುವೆ ಬೇಕಿತ್ತು. ಹೊಳೆ ತುಂಬಿ ಬಂದರೆ ಆಸ್ಪತ್ರೆಗೂ ಸುತ್ತು ಹಾಕಿಕೊಂಡು ಹೋಗಬೇಕು. ಆದರೆ ಆ ಜಾಗದಲ್ಲಿ ಸೇತುವೆ ಬಂದರೆ ನೋಟ ಕೆಡುತ್ತದೆ, ಲಾರಿಗಳ ಓಡಾಟ ಜಾಸ್ತಿಯಾಗುತ್ತದೆ ಎಂದು 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದ ಪಟ್ಟಿಗೆ ಹಾಕಿತು. 2002ರಲ್ಲಿ ರಾಜ್ಯ ಸರ್ಕಾರ ಹಂಪಿಗಾಗಿಯೇ ಪ್ರಾಧಿಕಾರದ ಕಾಯ್ದೆ ತಂದಿತು. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಆ ಸೇತುವೆಯೇ ಕುಸಿದು ಕೂಲಿಕಾರರು ಸತ್ತರು. ಹತ್ತು ವರ್ಷ ನಡೆದ ಚರ್ಚೆಯಲ್ಲಿ ನೋಟದ ಬಗ್ಗೆ ಬೇಕಾದಷ್ಟು ಮಾತು ಬಂತು, ಹೊಳೆ ದಾಟುವವರ ಮಾತು ಬಂದಿದ್ದು ಎಷ್ಟು?

ಇಷ್ಟರಲ್ಲಿ ಜಗತ್ತಿನಲ್ಲಿ ಈ ವಿಚಾರ ಬದಲಾಗುತ್ತಿತ್ತು. ಸ್ಮಾರಕಗಳ ಸಂರಕ್ಷಣೆಗೆ ಹಲವು ದೇಶಗಳ ತಜ್ಞರು ಒಪ್ಪಿದ 1964ರ ವೆನಿಸ್ ಸನ್ನದು ಮೂಲ ಕಲ್ಲು, ಮೂಲ ಸಾಮಗ್ರಿಗೆ ಒತ್ತು ಕೊಟ್ಟಿತ್ತು. ಜಪಾನಿನಲ್ಲಿ ಅದು ಪೂರ್ತಿ ಹೊಂದುವುದಿಲ್ಲ. ಅಲ್ಲಿನ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಹೊಸ ಮರದಿಂದ ಕಟ್ಟುತ್ತಾರೆ. ಮರ ಬದಲಾದರೂ ಕಟ್ಟುವ ಕೈಚಳಕ, ವಿಧಿ ಬದಲಾಗುವುದಿಲ್ಲ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಹಳೆಯ ಗುಡಿಯನ್ನು ಹೊಸದಾಗಿ ಕಟ್ಟುವ ಜೀರ್ಣೋದ್ಧಾರ, ಆಮೇಲೆ ವಿಧಿಪ್ರಕಾರ ನಡೆಸುವ ಬ್ರಹ್ಮಕಲಶ ಅಂದರೂ ಅದೇ. ಯಾವುದು ಅಸಲಿ ಎನ್ನುವುದನ್ನು ಆಯಾ ಸಂಸ್ಕೃತಿಯ ಒಳಗಿನಿಂದಲೇ ನೋಡಬೇಕು ಎಂದು 1994ರಲ್ಲಿ ಜಪಾನಿನ ನಾರಾದಲ್ಲಿ ಸೇರಿದ ತಜ್ಞರು ಒಪ್ಪಿದರು. 2003ರಲ್ಲಿ ಯುನೆಸ್ಕೊ ಹಾಡು, ಕುಣಿತ, ಕಸುಬು, ಹಬ್ಬಗಳಿಗೂ ಬೇರೆ ಒಪ್ಪಂದ ಮಾಡಿತು.

ಈ ಬದಲಾವಣೆ ಹಂಪಿಯ ಬಜಾರಿಗೆ ತಲುಪಲಿಲ್ಲ. ವಿರೂಪಾಕ್ಷನ ಗುಡಿಯ ಮುಂದೆ ಮುಕ್ಕಾಲು ಕಿಲೋಮೀಟರ್‌ನಷ್ಟು ಉದ್ದಕ್ಕೆ ಸಾಲು ಮಂಟಪಗಳಿವೆ. ಕಂಬಗಳ ಸಂದಿಗೆ ಇಟ್ಟಿಗೆ ಗೋಡೆ ಎಬ್ಬಿಸಿ ಜನ ಮನೆ, ಚಹಾದಂಗಡಿ, ಹೂವು ಹಣ್ಣಿನ ಅಂಗಡಿ ಮಾಡಿಕೊಂಡಿದ್ದರು. ಇದರಿಂದ ಕಲ್ಲಿಗೆ ಪೆಟ್ಟಾಗಿದ್ದು ಸುಳ್ಳಲ್ಲ. ಕಂಬಕ್ಕೆ ಮೊಳೆ, ಚಾವಣಿಗೆ ಕಾಂಕ್ರೀಟು, ಮೇಲೊಂದು ಅಂತಸ್ತು, ಇವೆಲ್ಲ ತಡೆಯಬೇಕಾದವೇ. ಆದರೆ 2011ರ ಜುಲೈನಲ್ಲಿ ಬಂದಿದ್ದು ಜೆಸಿಬಿ. ಮುನ್ನೂರರಷ್ಟು ಕುಟುಂಬಗಳ ಬದುಕು ಬೀದಿಗೆ ಬಂತು. ಪುನರ್ವಸತಿಗೆ ತೋರಿಸಿದ್ದು ಕಡ್ಡಿರಾಂಪುರದ ಕಡೆಯ ಜಾಗ. ಬಜಾರಿಗೆಂದೇ ಇದ್ದ ಬೀದಿಯನ್ನು ಬಜಾರಿನವರಿಂದ ಕಾಪಾಡುವುದು ಎಂಬ ಮಾತೇ ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಮೊಳೆ ತೆಗೆಸಬಹುದಿತ್ತು, ಕಾಂಕ್ರೀಟು ಬಿಡಿಸಬಹುದಿತ್ತು, ವ್ಯಾಪಾರಕ್ಕೆ ನಿಯಮ ಹಾಕಬಹುದಿತ್ತು. ಜನ ಖಾಲಿಯಾದ ಮೇಲೆ ಕಲ್ಲು ಪೂರ್ತಿ ಸುರಕ್ಷಿತವಾಗಿದೆ ಎನ್ನುವ ಹಾಗೂ ಇಲ್ಲ. 2024ರ ಮೇ ತಿಂಗಳ ಮಳೆಗೆ ಅದೇ ಸಾಲು ಮಂಟಪದ ಒಂದು ಭಾಗ ಬಿತ್ತು.

ಪುರಾತತ್ವ ಇಲಾಖೆಯ 2014ರ ಸಂರಕ್ಷಣಾ ನೀತಿಯಲ್ಲಿ ಸ್ಥಳೀಯರ ಪಾತ್ರ, ಸಾಂಪ್ರದಾಯಿಕ ಕುಶಲಕರ್ಮಿಗಳ ಪ್ರಸ್ತಾಪ ಇದೆ. ಅದರ ಜೊತೆಗೇ 1958ರ ಕಾಯ್ದೆಗೆ ತಂದ 2010ರ ತಿದ್ದುಪಡಿಯೂ ಇದೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ, ಮನೆ ರಿಪೇರಿಗೂ ಅನುಮತಿ ಬೇಕು. ಎರಡನ್ನೂ ಒಟ್ಟಿಗೆ ನಡೆಸುವುದು ಹೇಗೆ ಎನ್ನುವುದಕ್ಕೆ ಮುಂದಿನ ಪರೀಕ್ಷೆ ಐಹೊಳೆಯಲ್ಲಿದೆ. ಅಲ್ಲಿ ಗುಡಿಗಳ ಗೋಡೆಗೆ ತಾಗಿಕೊಂಡೇ ಮನೆಗಳಿವೆ. ಚಾಲುಕ್ಯರ ಪ್ರಸಿದ್ಧ ಗುಡಿಯೊಂದಕ್ಕೆ ಲಾಡ್ ಖಾನ್ ಎಂಬ ಹೆಸರು ಬಂದಿದ್ದೇ, ಒಂದು ಕಾಲದಲ್ಲಿ ಆ ಹೆಸರಿನವರು ಅದರಲ್ಲಿ ವಾಸವಿದ್ದುದರಿಂದ. ಊರನ್ನು ಸ್ಥಳಾಂತರ ಮಾಡುವ ಮಾತು ಎಷ್ಟೋ ವರ್ಷಗಳಿಂದ ನಡೆಯುತ್ತಿದೆ. ಯಾವ ಮನೆಯಿಂದ ಯಾವ ಗುಡಿಗೆ ನಿಜವಾಗಿ ಹಾನಿಯಾಗುತ್ತಿದೆ ಎಂದು ಮನೆಮನೆ ಲೆಕ್ಕ ಹಾಕಿ, ಅದನ್ನು ಗ್ರಾಮಸಭೆಯ ಮುಂದಿಟ್ಟು, ಆಮೇಲೆ ಊರಿನ ಗಡಿಯ ನಕ್ಷೆ ಬರೆಯಲಿ.