ಮುಗಿಯದ ಗೇಮ್‌ಗೆ ಮುಂಚೆಯೇ ದುಡ್ಡು: ಅರ್ಲಿ ಆಕ್ಸೆಸ್ ಇಲ್ಲಿಗೆ ಬಂದ ಬಗೆ

ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಗೇಮ್ ಕೊಳ್ಳುವವರಿಗೆ ಆ ಎಚ್ಚರಿಕೆ ಗೊತ್ತೇ ಇರುತ್ತದೆ. ಈ ಗೇಮ್ ಇನ್ನೂ ಪೂರ್ತಿಯಾಗಿಲ್ಲ, ಮುಂದೆ ಬದಲಾಗಬಹುದು, ಆಗದೆಯೂ ಇರಬಹುದು. ಅದನ್ನು ಓದಿಯೂ ಜನ ದುಡ್ಡು ಕೊಡುತ್ತಾರೆ. ಕೆಲವರಿಗೆ ಕೊನೆಗೆ ಪೂರ್ತಿಯಾದ ಬಾಲ್ಡರ್ಸ್ ಗೇಟ್ 3 ಸಿಗುತ್ತದೆ, ಇನ್ನು ಕೆಲವರಿಗೆ ಅರ್ಧಕ್ಕೇ ನಿಂತ ಕೆರ್ಬಲ್ ಸ್ಪೇಸ್ ಪ್ರೋಗ್ರಾಂ 2. ಇಷ್ಟು ದೂರದ ಎರಡು ಫಲ ಅರ್ಲಿ ಆಕ್ಸೆಸ್ ಎಂಬ ಒಂದೇ ಏರ್ಪಾಡಿನಿಂದ ಬರುವುದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

90ರ ದಶಕದಲ್ಲಿ ಗೇಮ್‌ನ ಮೊದಲ ಭಾಗ ಪುಕ್ಕಟೆ, ಉಳಿದದ್ದಕ್ಕೆ ದುಡ್ಡು. 2009ರಲ್ಲಿ ಮೈನ್‌ಕ್ರಾಫ್ಟ್ ಅದನ್ನು ತಿರುಗಿಸಿತು: ಈಗ ಕಡಿಮೆ ಬೆಲೆಗೆ ಕೊಳ್ಳಿ, ಉಳಿದದ್ದು ಆಮೇಲೆ ಬರುತ್ತದೆ. 2011ರ ನವೆಂಬರ್‌ನಲ್ಲಿ ಅದು ಪೂರ್ತಿ ಬಿಡುಗಡೆಯಾಗುವ ಹೊತ್ತಿಗೆ ಲಕ್ಷಗಟ್ಟಲೆ ಜನ ಕೊಂಡು ಆಡುತ್ತಿದ್ದರು. 2012ರಲ್ಲಿ ಡಬಲ್ ಫೈನ್ ಸ್ಟುಡಿಯೋ ಜನರಿಂದ ಮುಂಗಡ ದುಡ್ಡು ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ 4 ಲಕ್ಷ ಡಾಲರ್ ಕೇಳಿ 33 ಲಕ್ಷ ಪಡೆಯಿತು. ಆಡುವವರೇ ಬಂಡವಾಳ ಹಾಕುತ್ತಾರೆ ಅನ್ನುವುದು ಅಲ್ಲಿಗೆ ಖಾತ್ರಿಯಾಯಿತು.

2013ರ ಮಾರ್ಚ್ 20ರಂದು ಸ್ಟೀಮ್ 12 ಗೇಮ್‌ಗಳೊಂದಿಗೆ ಅರ್ಲಿ ಆಕ್ಸೆಸ್ ಶುರು ಮಾಡಿತು. ಆರ್ಮಾ 3, ಪ್ರಿಸನ್ ಆರ್ಕಿಟೆಕ್ಟ್, ಮೊದಲ ಕೆರ್ಬಲ್ ಎಲ್ಲ ಆ ಗುಂಪಿನಲ್ಲಿದ್ದವು. ಆರಂಭ ಒಳ್ಳೆಯದೇ ಆಗಿತ್ತು. ಗೊಂದಲ ಹುಟ್ಟಿದ್ದು ಮುಂದಿನ ಒಂದೂವರೆ ವರ್ಷದಲ್ಲಿ. ಅದೇ ಡಿಸೆಂಬರ್‌ನಲ್ಲಿ ಡೇಜ಼ಡ್ ಬಂತು. ಅರ್ಲಿ ಆಕ್ಸೆಸ್ ಅಂದರೇನು ಎಂದು ಗೊತ್ತಿಲ್ಲದಿದ್ದರೆ ಕೊಳ್ಳಬೇಡಿ ಎಂದು ತಯಾರಕರೇ ಹೇಳಿದ್ದರು. ಆದರೂ ಒಂದು ತಿಂಗಳೊಳಗೆ 10 ಲಕ್ಷ ಪ್ರತಿ ಹೋಯಿತು. ಅದರ 1.0, ಅಂದರೆ ಪೂರ್ತಿಯಾದ ಆವೃತ್ತಿ ಬಂದಿದ್ದು 2018ರ ಡಿಸೆಂಬರ್‌ನಲ್ಲಿ, ಸರಿಯಾಗಿ ಐದು ವರ್ಷಕ್ಕೆ.

ಆದರೆ ನನ್ನ ಮಟ್ಟಿಗೆ ಆ ಕಾಲದ ನಿಜವಾದ ಪಾಠ ಸ್ಪೇಸ್‌ಬೇಸ್ ಡಿಎಫ್-9 ಎಂಬ ಗೇಮ್. ಅದೂ ಡಬಲ್ ಫೈನ್ ಅವರದ್ದೇ. ಹೆಸರಿತ್ತು, ಅನುಭವವಿತ್ತು, ಮುಂದೆ ಏನೇನು ಸೇರಿಸುತ್ತೇವೆ ಎಂಬ ಉದ್ದದ ಯೋಜನೆಯೂ ಇತ್ತು. 2013ರ ಅಕ್ಟೋಬರ್‌ನಲ್ಲಿ ಮಾರಾಟ ಶುರುವಾಯಿತು. ಬರುವ ದುಡ್ಡಿಗಿಂತ ಖರ್ಚು ಜಾಸ್ತಿಯಾಯಿತು. ಒಂದು ವರ್ಷದ ಹೊತ್ತಿಗೆ ಇದ್ದದ್ದಕ್ಕೇ 1.0 ಎಂದು ಹೆಸರಿಟ್ಟು, ಕೋಡ್ ಅನ್ನು ಆಟಗಾರರ ಕೈಗೆ ಕೊಟ್ಟು ಕೆಲಸ ನಿಲ್ಲಿಸಿದರು. ಯಾರೂ ಮೋಸ ಮಾಡಿರಲಿಲ್ಲ. ಮಾರಾಟ ನಿಧಾನವಾದರೆ ಗೇಮ್ ನಿಲ್ಲುತ್ತದೆ ಅನ್ನುವ ಸಾಧ್ಯತೆ ಈ ಏರ್ಪಾಡಿನೊಳಗೇ ಇತ್ತು. ಆ ನಷ್ಟದ ಒಂದು ಪಾಲು ಮೊದಲೇ ಕೊಂಡವರ ಮೇಲೆ ಬಿತ್ತು.

2014ರ ನವೆಂಬರ್‌ನಲ್ಲಿ ಸ್ಟೀಮ್ ನಿಯಮ ಬಿಗಿ ಮಾಡಿತು. ಮುಂದಿನದ್ದರ ಬಗ್ಗೆ ಖಚಿತ ಮಾತು ಕೊಡಬೇಡಿ, ಮಾರಾಟವೇ ಆಗದಿದ್ದರೂ ಮುಗಿಸುವಷ್ಟು ದುಡ್ಡಿಲ್ಲದಿದ್ದರೆ ಬರಬೇಡಿ ಎಂದಿತು. 2015ರ ಜೂನ್‌ನಿಂದ ದುಡ್ಡು ವಾಪಸ್ ಕೇಳುವ ಅವಕಾಶವೂ ಬಂತು: ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ. ಅದೇ ವರ್ಷದ ಕೊನೆಯಲ್ಲಿ ನಮಗೆ ರೂಪಾಯಿ ಬೆಲೆ ಸಿಕ್ಕಿತು.

ಆಮೇಲಿನ ವರ್ಷಗಳಲ್ಲಿ ಒಳ್ಳೆಯ ಸುದ್ದಿಯೂ ಸಾಕಷ್ಟಿದೆ. ನಮ್ಮ ಹುಡುಗರು ಮೊಬೈಲ್‌ನಲ್ಲಿ ಆಡಿದ ಪಬ್‌ಜಿಯ ಮೂಲ ಪಿಸಿ ಗೇಮ್ 2017ರ ಮಾರ್ಚ್‌ನಲ್ಲಿ ಹೀಗೇ ಶುರುವಾಗಿದ್ದು. ಹೇಡಿಸ್ ಕೂಡ ಹಾಗೇ ಬೆಳೆಯಿತು. 2020ರಲ್ಲಿ ಬಾಲ್ಡರ್ಸ್ ಗೇಟ್ 3 ಬರೀ ಮೊದಲ ಅಂಕವನ್ನು ಪೂರ್ತಿ ಬೆಲೆಗೆ ಮಾರಿತು. 2023ರ ಆಗಸ್ಟ್‌ನಲ್ಲಿ ಉಳಿದದ್ದನ್ನೂ ಕೊಟ್ಟಿತು. ಅದೇ 2023ರ ಫೆಬ್ರವರಿಯಲ್ಲಿ ಕೆರ್ಬಲ್ 2 ಸುಮಾರು 50 ಡಾಲರ್‌ಗೆ ಬಂದಿತ್ತು. 2024ರಲ್ಲಿ ಅದನ್ನು ಮಾಡುತ್ತಿದ್ದವರ ಕೆಲಸ ಹೋಯಿತು, ಅಪ್‌ಡೇಟ್ ನಿಂತಿತು, ಮಾರಾಟ ಮಾತ್ರ ನಡೆಯುತ್ತಲೇ ಇತ್ತು.

ಇಲ್ಲೇ ನನಗೆ ಕಸಿವಿಸಿ. ಕೈಯಲ್ಲಿ ದುಡ್ಡಿಲ್ಲದ ಸಣ್ಣ ತಂಡಗಳಿಗೆ ನೆರವಾದ ದಾರಿ ಇದು. ಹಾಗಾಗಿ ಬೆಲೆಯೂ ಕಡಿಮೆ ಇರುತ್ತಿತ್ತು, ಅಪಾಯಕ್ಕೆ ಒಂದು ರಿಯಾಯಿತಿ ಅಂದುಕೊಳ್ಳಬಹುದಿತ್ತು. ಈಗ ಕೆಲವು ದೊಡ್ಡ ಗೇಮ್‌ಗಳಿಗೆ ಹೆಚ್ಚುಕಡಿಮೆ ಪೂರ್ತಿ ಬೆಲೆ, ಅಪಾಯ ಮಾತ್ರ ಹಾಗೇ ಇದೆ. ಬೆಂಗಳೂರಲ್ಲಿ ಕಟ್ಟಡ ಏಳುವ ಮೊದಲೇ ಫ್ಲ್ಯಾಟ್ ಕೊಂಡವರು ದೂರು ಕೊಡಲು ರೇರಾ ಇದೆ. ಇಲ್ಲಿ ಅಂಥದ್ದೇನಿಲ್ಲ.

ಹಾಗಾದರೆ ಕೊಳ್ಳಬಾರದಾ? ಕೊಳ್ಳಬಹುದು, ಇವತ್ತು ಆಡಲು ಸಿಗುವಷ್ಟಕ್ಕೇ ಆ ಬೆಲೆ ಸರಿ ಅನ್ನಿಸಿದರೆ. ಮನೆ ಕಟ್ಟುವ, ಬದುಕುಳಿಯುವ ಥರದ ಗೇಮ್‌ಗಳು ಅರ್ಧದಲ್ಲೂ ಖುಷಿ ಕೊಡುತ್ತವೆ. ಐದೇ ಜನರ ತಂಡ ಹೊರತಂದ ವಾಲ್‌ಹೈಮ್ 2021ರಲ್ಲಿ ಗೆದ್ದದ್ದು ಹಾಗೆ. ಕಥೆಯೇ ಮುಖ್ಯವಾದ ಗೇಮ್ ಆದರೆ ಕಾಯುವುದೇ ವಾಸಿ, ಅರ್ಧ ಕಥೆಯ ಸುಖ ಎರಡನೇ ಸಲ ಸಿಗುವುದಿಲ್ಲ, ಅಲ್ವಾ? ಹಳೆಯ ಅಪ್‌ಡೇಟ್‌ಗಳ ದಿನಾಂಕ ನೋಡಿ. ಸ್ಟುಡಿಯೋ ಹೆಸರಿಗಿಂತ ಅದು ಜಾಸ್ತಿ ಹೇಳುತ್ತದೆ.

2025ರ ಫೆಬ್ರವರಿಯಿಂದ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅಪ್‌ಡೇಟ್ ಬರದ ಗೇಮ್‌ಗಳ ಪುಟದಲ್ಲಿ ಸ್ಟೀಮ್ ಅದನ್ನೂ ತೋರಿಸುತ್ತಿದೆ. ಹೊಸದಾಗಿ ಕೊಳ್ಳುವವರಿಗೆ ಇದು ಒಳ್ಳೆಯದೇ. ಮೊದಲೇ ಕೊಂಡವರ 14 ದಿನ ಮಾತ್ರ ಯಾವಾಗಲೋ ಮುಗಿದಿರುತ್ತದೆ. ಮುಗಿಯದ ಗೇಮ್‌ಗೆ ವಾಪಸಾತಿಯ ಗಡುವು ಬೇರೆಯೇ ಇರಬೇಕು ಎಂಬ ಬೇಡಿಕೆಗೆ ಅರ್ಥವಿರುವುದು ಇದಕ್ಕೇ.