ಬಿಲ್ಲಿ ಜೋಯೆಲ್ ಆಲ್ಬಮ್‌ಗಳು: ಏನು ಕೇಳಬೇಕು, ಎಲ್ಲಿ ಎಡವುತ್ತೇವೆ

ಅಮೆರಿಕದ ಪಾಪ್ ಗಾಯಕ, ಪಿಯಾನೊ ವಾದಕ ಬಿಲ್ಲಿ ಜೋಯೆಲ್ ಅವರ ಆಲ್ಬಮ್‌ಗಳನ್ನು ಇಸವಿ ಹಿಡಿದು ಕೇಳಿದರೆ ಮೊದಮೊದಲು ಗೊಂದಲವಾಗುತ್ತದೆ. ಹಾಡು ಗಟ್ಟಿ, ಪಿಯಾನೊ ಗಟ್ಟಿ, ಆದರೂ ರೆಕಾರ್ಡು ಸಪ್ಪೆ. ಜೊತೆಗೆ ನುಡಿಸಿದವರು ಯಾರು ಎಂದು ನೋಡಿಕೊಂಡು ಕೇಳಿ, ಗಂಟು ಬಿಚ್ಚಿಕೊಳ್ಳುತ್ತದೆ.

ಮೊದಲ ಆಲ್ಬಮ್ 'ಕೋಲ್ಡ್ ಸ್ಪ್ರಿಂಗ್ ಹಾರ್ಬರ್' (1971) ಕೆಟ್ಟಿದ್ದು ಮಾತ್ರ ಬೇರೆ ಕಾರಣಕ್ಕೆ. ಮಾಸ್ಟರಿಂಗ್‌ನಲ್ಲಿ, ಅಂದರೆ ಅಚ್ಚಿಗೆ ಕಳಿಸುವ ಕೊನೆಯ ಪ್ರತಿ ಸಿದ್ಧಮಾಡುವಾಗ, ವೇಗ ತಪ್ಪಿ ದನಿ ಕೀರಲಾಯಿತು. ಟೇಪು ಜೋರಾಗಿ ಓಡಿದರೆ ಲಯ, ಶ್ರುತಿ ಎರಡೂ ಒಟ್ಟಿಗೇ ಏರುತ್ತವೆ, ಸುಮಾರು ಶೇ. 6ರಷ್ಟು ಹೆಚ್ಚಾದರೆ ಒಂದು ಸ್ವರಸ್ಥಾನ ಮೇಲೆ ಹೋಗುತ್ತದೆ. 1983ರಲ್ಲಿ ವೇಗ ಸರಿಪಡಿಸಿ ಮರುಬಿಡುಗಡೆ ಮಾಡಿದರು, ಆದರೆ ವಾದ್ಯಗಳನ್ನೂ ಬದಲಿಸಿದರು. ಆದ್ದರಿಂದ ಆ ಪ್ರತಿಯನ್ನು ಕೇಳಿ 1971ರ ಬಗ್ಗೆ ತೀರ್ಪು ಕೊಡಬೇಡಿ.

'ಪಿಯಾನೊ ಮ್ಯಾನ್' (1973) ಕೊಲಂಬಿಯಾ ಕಂಪನಿಗೆ ಮಾಡಿದ ಮೊದಲ ಆಲ್ಬಮ್. ಶೀರ್ಷಿಕೆಗೀತೆಯನ್ನು ಕೀಬೋರ್ಡಿನ ಮುಂದೆ ಕೂತು ಬಿಡಿಸಿ ನೋಡಿ. ಮೂರೆಣಿಕೆಯ ವಾಲ್ಟ್ಜ್, ಸಿ ಮೇಜರ್. ಎಡಗೈಯ ಬೇಸ್ (ತಗ್ಗಿನ ಸ್ವರ) ಹೀಗೆ ಇಳಿಯುತ್ತದೆ: ಸಿ, ಬಿ, ಎ, ಜಿ, ಎಫ್, ಇ, ಡಿ, ಕೊನೆಗೆ ಮತ್ತೆ ಜಿ. ನಮ್ಮ ಲೆಕ್ಕದಲ್ಲಿ ಸ ನಿ ಧ ಪ ಮ ಗ ರಿ, ಆಮೇಲೆ ಪ. ಕಲಿಯುವವರು ಎಡವುವುದು ಇಲ್ಲೇ. ಬಲಗೈಯಲ್ಲಿ ಸಿ, ಜಿ, ಎಫ್, ಸಿ ಕಾರ್ಡ್ (ಒಟ್ಟಿಗೇ ಒತ್ತುವ ಸ್ವರಗಳ ಗುಚ್ಛ) ಹಿಡಿದು ಎಡಗೈಯಲ್ಲೂ ಅವೇ ಮೂಲಸ್ವರ ಒತ್ತುತ್ತಾರೆ; ಆಗ ಮೆಟ್ಟಿಲು ಮಾಯವಾಗಿ ಹಾಡು ಬರೀ ಕುಪ್ಪಳಿಸುತ್ತದೆ. ಜಿ ಕಾರ್ಡಿಗೆ ಕೆಳಗೆ ಬಿ, ಎಫ್ ಕಾರ್ಡಿಗೆ ಎ, ಮುಂದಿನ ಸಿ ಕಾರ್ಡಿಗೆ ಜಿ ಇಡಿ. ಮೊದಲು ಎಡಗೈ ಒಂದನ್ನೇ, ಪ್ರತಿ ಸ್ವರಕ್ಕೆ ಮೂರೆಣಿಕೆ ಕೊಟ್ಟು, ನಿಧಾನವಾಗಿ ಸಾಧಿಸಿ.

ಈ ಆಲ್ಬಮ್‌ನಲ್ಲೂ ಮುಂದಿನ 'ಸ್ಟ್ರೀಟ್‌ಲೈಫ್ ಸೆರೆನೇಡ್'ನಲ್ಲೂ (1974) ನುಡಿಸಿದವರು ಬಹುಪಾಲು ಸ್ಟುಡಿಯೊಗೆ ಕರೆಸಿದ ವಾದಕರು. ಅಚ್ಚುಕಟ್ಟು ನುಡಿಸಾಣಿಕೆ, ಆದರೆ ಒಂದೇ ತಂಡದ ಉಸಿರಿಲ್ಲ. 'ಟರ್ನ್‌ಸ್ಟೈಲ್ಸ್' (1976) ಹೊತ್ತಿಗೆ ಜೋಯೆಲ್ ಹಟ ಹಿಡಿದರು. ಎಲ್ಟನ್ ಜಾನ್ ತಂಡದ ವಾದಕರೊಂದಿಗೆ ಮಾಡಿದ ಧ್ವನಿಮುದ್ರಣ ಒಗ್ಗದೆ, ನ್ಯೂಯಾರ್ಕ್‌ನಲ್ಲಿ ತಮ್ಮದೇ ತಂಡ ಕಟ್ಟಿಕೊಂಡು, ತಾವೇ ನಿರ್ಮಾಪಕರಾಗಿ ಮತ್ತೆ ಮಾಡಿದರು. ಇಡೀ ವೃತ್ತಿಯ ತಿರುವು ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ.

'ದಿ ಸ್ಟ್ರೇಂಜರ್'ಗೆ (1977) ಬಂದ ನಿರ್ಮಾಪಕ ಫಿಲ್ ರಮೋನ್ ಆ ತಂಡವನ್ನು ಹಾಗೇ ಉಳಿಸಿಕೊಂಡರು. ಲಿಬರ್ಟಿ ಡಿವಿಟೊ ಡ್ರಮ್ಸ್, ಡಗ್ ಸ್ಟೆಗ್ಮೇಯರ್ ಬೇಸ್ ಗಿಟಾರ್. ಸಾಲ ತಂದದ್ದು ಬೇಕಾದ ಕಡೆ ಮಾತ್ರ: 'ಜಸ್ಟ್ ದಿ ವೇ ಯು ಆರ್'ನ ಸ್ಯಾಕ್ಸೊಫೋನ್ ಜಾಝ್ ವಾದಕ ಫಿಲ್ ವುಡ್ಸ್ ಅವರದು. ಅದರಲ್ಲಿ ಮೃದುವಾಗಿ ಮಿನುಗುವುದು ಸಾದಾ ಪಿಯಾನೊ ಅಲ್ಲ, ಫೆಂಡರ್ ರೋಡ್ಸ್ ಎಂಬ ವಿದ್ಯುತ್ ಪಿಯಾನೊ.

ರಮೋನ್ ಜೊತೆಗಿನ ಕೆಲಸ '52ನೇ ಸ್ಟ್ರೀಟ್' (1978), 'ಗ್ಲಾಸ್ ಹೌಸಸ್' (1980), 'ಆನ್ ಇನ್ನೊಸೆಂಟ್ ಮ್ಯಾನ್' (1983) ಹೀಗೆ 'ದಿ ಬ್ರಿಡ್ಜ್'ವರೆಗೆ (1986) ನಡೆಯಿತು. ನಡುವೆ ಬಂದ 'ಸಾಂಗ್ಸ್ ಇನ್ ದಿ ಆಟಿಕ್' (1981) ಕಲಿಯುವವರಿಗೆ ಬಂಗಾರ: ಸಪ್ಪೆಯಾಗಿ ಮೂಡಿದ್ದ ಹಳೆಯ ಹಾಡುಗಳನ್ನೇ ಈ ತಂಡ ವೇದಿಕೆಯಲ್ಲಿ ನುಡಿಸಿದ ಮುದ್ರಣ. ಮೊದಲ ಆಲ್ಬಮ್‌ನಲ್ಲೂ ಇಲ್ಲೂ ಇರುವ 'ಶೀಸ್ ಗಾಟ್ ಎ ವೇ' ಹಾಡಿನ ಎರಡೂ ರೂಪಗಳನ್ನು ಬೆನ್ನುಬೆನ್ನಿಗೆ ಕೇಳಿ.

ಕೊನೆಯ ಪಾಪ್ ಆಲ್ಬಮ್ 'ರಿವರ್ ಆಫ್ ಡ್ರೀಮ್ಸ್' (1993). 2001ರಲ್ಲಿ ಬಂದ 'ಫ್ಯಾಂಟಸೀಸ್ ಅಂಡ್ ಡೆಲ್ಯೂಷನ್ಸ್' ಪೂರ್ತಿ ಶಾಸ್ತ್ರೀಯ ಪಿಯಾನೊ. ಜೋಯೆಲ್ ಬರೆದರು, ನುಡಿಸಿದ್ದು ರಿಚರ್ಡ್ ಜೂ.